ನಾಯಕನ ತಪ್ಪಿಗೆ ಬೆಲೆ ತೆತ್ತವರು ಎಲ್ಲಿ ಹೋದರು? ಕಾಮಿಕ್ಸ್ ಮತ್ತು ಗೇಮ್‌ಗಳ ಕಳಂಕಿತ ನಾಯಕರ ಕುರಿತು

ಬಸವನಗುಡಿ ಓದುಗ

ಕಳಂಕಿತ ನಾಯಕರ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಒಂದೇ ಜಾಡು ಹಿಡಿಯುತ್ತದೆ. ಅವನು ಕೊಂದದ್ದು ಸರಿಯೇ, ಬಾಲ್ಯದ ಸಂಕಟ ಅವನ ಕ್ರೌರ್ಯಕ್ಕೆ ಸಮಜಾಯಿಷಿ ಆಗುತ್ತದೆಯೇ, ಕೊನೆಗಾದರೂ ಅವನು ಬದಲಾದನೇ ಎಂಬ ಪ್ರಶ್ನೆಗಳ ಸುತ್ತಲೇ ಸುತ್ತಿ ಎಲ್ಲರೂ ಸುಸ್ತಾಗುತ್ತೇವೆ. ಇವೆಲ್ಲವೂ ನಾಯಕನ ಬಗೆಗಿನ ಪ್ರಶ್ನೆಗಳು. ಅವನ ಕೈಯಲ್ಲಿ ಪೆಟ್ಟು ತಿಂದವರ ಬಗ್ಗೆ ಒಂದೂ ಇಲ್ಲ. ಇಂಥ ನಾಯಕನನ್ನು ಕಟ್ಟಿದ ಕೃತಿ ಪ್ರಾಮಾಣಿಕವೋ ಅಲ್ಲವೋ ಎಂದು ತಿಳಿಯಲು ನನಗೆ ತೋಚುವ ಅಳತೆಗೋಲು ಒಂದೇ: ಬೆಲೆ ತೆತ್ತವರಿಗೆ ಕತೆಯಲ್ಲಿ ಹೆಸರಿದೆಯೇ, ಮನೆಯಿದೆಯೇ, ಆ ದೃಶ್ಯ ಮುಗಿದ ಮೇಲೂ ಕತೆ ಅವರನ್ನು ನೆನಪಿಟ್ಟುಕೊಂಡಿದೆಯೇ?

2018ರಲ್ಲಿ ಬಂದ ರೆಡ್ ಡೆಡ್ ರಿಡೆಂಪ್ಷನ್ 2 ಆಡಿದವರಿಗೆ ಥಾಮಸ್ ಡೌನ್ಸ್ ನೆನಪಿರಬೇಕು. ಕತೆ ನಡೆಯುವುದು 1899ರ ಅಮೆರಿಕದಲ್ಲಿ. ನಾಯಕ ಆರ್ಥರ್ ಮಾರ್ಗನ್ ದರೋಡೆಕೋರರ ಗುಂಪೊಂದರ ಬಂಟ. ಅದೇ ಗುಂಪಿನ ಸ್ಟ್ರಾಸ್ ಎಂಬವನು ಕಷ್ಟದಲ್ಲಿರುವವರಿಗೆ ಸಾಲ ಕೊಡುತ್ತಾನೆ, ವಸೂಲಿಗೆ ಆರ್ಥರನನ್ನು ಕಳುಹಿಸುತ್ತಾನೆ. ಡೌನ್ಸ್ ಎಂಬ ಸಣ್ಣ ರೈತನ ಜಮೀನಿನಲ್ಲಿ, ಅವನ ಹೆಂಡತಿ ಈಡಿತ್ ಮತ್ತು ಮಗ ಆರ್ಚಿಯ ಕಣ್ಣೆದುರೇ, ಆಟಗಾರ ಬಟನ್ ಒತ್ತಿ ಆ ರೋಗಿಷ್ಠನನ್ನು ಹೊಡೆಯಬೇಕು. ಡೌನ್ಸ್ ಕೆಮ್ಮುತ್ತಾನೆ, ರಕ್ತ ಆರ್ಥರನ ಮುಖಕ್ಕೆ ಸಿಡಿಯುತ್ತದೆ. ವಸೂಲಿ ಮಾಡಬೇಕಾದ ಹೆಸರುಗಳು ಪಟ್ಟಿಯಲ್ಲಿ ಇನ್ನೂ ಇರುವುದರಿಂದ ಆ ಕ್ಷಣಕ್ಕೆ ನಾವು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮುಂದೆ ಡೌನ್ಸ್ ಸಾಯುತ್ತಾನೆ, ಸಾಲ ವಿಧವೆಯ ತಲೆಗೆ ಬೀಳುತ್ತದೆ, ಆರ್ಥರ್ ಮತ್ತೆ ಹೋಗಿ ಅದನ್ನೂ ವಸೂಲಿ ಮಾಡುತ್ತಾನೆ.

ಎಷ್ಟೋ ಗಂಟೆಗಳ ಆಟ ಕಳೆದ ಮೇಲೆ ಆರ್ಥರನಿಗೆ ಕ್ಷಯವಿದೆಯೆಂದು ವೈದ್ಯರು ಹೇಳುತ್ತಾರೆ. ಹೆಚ್ಚಿನವರು ಇದನ್ನು ಕರ್ಮಫಲವೆಂದು ಓದಿ ಸಮಾಧಾನಪಟ್ಟುಕೊಳ್ಳುತ್ತಾರೆ. ನನ್ನನ್ನು ಕಾಡಿದ್ದು ರೋಗವಲ್ಲ, ಆನ್ಸ್‌ಬರ್ಗ್ ಎಂಬ ಗಣಿ ಊರಿನಲ್ಲಿ ಈಡಿತ್ ಮತ್ತೆ ಎದುರಾಗುವ ಗಳಿಗೆ. ಅವಳು ಮೈ ಮಾರಿಕೊಂಡು ಬದುಕುತ್ತಿದ್ದಾಳೆ, ಮಗ ಗಣಿಯಲ್ಲಿ ದುಡಿಯುತ್ತಿದ್ದಾನೆ. ಸಹಾಯ ಮಾಡಲು ಬಂದ ಆರ್ಥರನಿಗೆ ಮೊದಲು ಸಿಗುವುದು ಅವಳ ಅಸಹ್ಯವೇ. ನಾಯಕನ ಪಶ್ಚಾತ್ತಾಪಕ್ಕೂ ಅವಳ ಬದುಕಿಗೂ ನಡುವೆ ಇರುವ ಅಂತರವನ್ನು ಗೇಮ್ ಮುಚ್ಚಿಡುವುದಿಲ್ಲ. ಮೀಟರ್ ಬಡ್ಡಿಯ ಕತೆಗಳನ್ನು ಕೇಳಿ ಬೆಳೆದ, ಕಿರುಸಾಲ ವಸೂಲಿದಾರರ ಕಾಟಕ್ಕೆ ಹೆದರಿ ಊರು ಬಿಟ್ಟ ಕುಟುಂಬಗಳ ಸುದ್ದಿ ಓದಿದ, ಅದನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದನ್ನು ಕಂಡ ನಮಗೆ ಆ ದೃಶ್ಯ ದೂರದ ಅಮೆರಿಕದ್ದು ಎನಿಸುವುದೇ ಇಲ್ಲ.

ಈ ಅಳತೆಗೋಲನ್ನು ನಿಮ್ಮ ಮೆಚ್ಚಿನ ನಾಯಕರಿಗೆ ಹಿಡಿದು ನೋಡಿ ಎಂದು ಕೇಳಿಕೊಳ್ಳುತ್ತೇನೆ.

ವಿಜಯನಗರ ಜಾಯ್‌ಸ್ಟಿಕ್

ಓದುಗ ಅವರೇ, ನಿಮ್ಮ ಅಳತೆಗೋಲು ಕಾಮಿಕ್ಸ್‌ಗೆ ಒಪ್ಪುತ್ತದೆ. ಗೇಮ್‌ಗೆ ಅದು ಸಾಲದು ಎಂಬುದು ನನ್ನ ತಕರಾರು. ಕಾಮಿಕ್ಸ್‌ನಲ್ಲಿ ನಾಯಕ ಮಾಡಿದ್ದನ್ನು ನಾವು ನೋಡುತ್ತೇವೆ. ಗೇಮ್‌ನಲ್ಲಿ ನಾವೇ ಮಾಡುತ್ತೇವೆ, ಇಲ್ಲವೇ ನಮ್ಮಿಂದ ಮಾಡಿಸಲಾಗುತ್ತದೆ. ಆದ್ದರಿಂದ ಸತ್ತವನ ಹೆಸರೇನು ಎಂಬುದಕ್ಕಿಂತ ಮೊದಲು, ಕೊಲ್ಲದಿರುವ ದಾರಿಯನ್ನು ನನಗೆ ಬಿಟ್ಟಿದ್ದರೇ ಎಂದು ಕೇಳಬೇಕಾಗುತ್ತದೆ.

2013ರ ದಿ ಲಾಸ್ಟ್ ಆಫ್ ಅಸ್‌ನ ಕೊನೆಯ ಆಸ್ಪತ್ರೆಯನ್ನೇ ತೆಗೆದುಕೊಳ್ಳಿ. ಎಲ್ಲಿ ಎಂಬ ಹುಡುಗಿಯ ಮಿದುಳಿನಿಂದ, ಲೋಕವನ್ನೇ ಹಾಳುಗೆಡವಿದ ರೋಗಕ್ಕೆ ಲಸಿಕೆ ಸಿಗಬಹುದು, ಆದರೆ ಶಸ್ತ್ರಚಿಕಿತ್ಸೆ ಮಾಡಿದರೆ ಹುಡುಗಿ ಉಳಿಯುವುದಿಲ್ಲ. ಅವಳನ್ನು ಕಾಪಾಡಿಕೊಂಡು ಬಂದ ನಾಯಕ ಜೋಯಲ್ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೊಂದು ಒಳಗೆ ನುಗ್ಗುತ್ತಾನೆ. ಶಸ್ತ್ರಚಿಕಿತ್ಸಕ ಕೈಯಲ್ಲಿ ಸಣ್ಣ ಚಾಕು ಹಿಡಿದು ಅಡ್ಡ ನಿಲ್ಲುತ್ತಾನೆ. ನಾನು ಕನ್ಸೋಲ್ ಎದುರು ಸುಮ್ಮನೆ ನಿಂತು ನೋಡಿದೆ. ಅವನು ಪಕ್ಕಕ್ಕೆ ಸರಿಯಲಿಲ್ಲ, ಕತೆಯೂ ಮುಂದೆ ಹೋಗಲಿಲ್ಲ. ಅವನನ್ನು ಕೊಂದರೆ ಮಾತ್ರ ಮುಂದಿನ ದೃಶ್ಯ. ಕೊನೆಗೆ ಜೋಯಲ್ ಅಲ್ಲಿ ನಡೆದದ್ದರ ಬಗ್ಗೆ ಹುಡುಗಿಗೆ ಸುಳ್ಳು ಹೇಳುತ್ತಾನೆ, ಪ್ರಮಾಣವನ್ನೂ ಮಾಡುತ್ತಾನೆ. ಆ ಸುಳ್ಳಿನಲ್ಲಿ ನನ್ನ ಪಾಲು ಎಷ್ಟು ಎಂಬುದು ನನಗೆ ಈಗಲೂ ಬಗೆಹರಿದಿಲ್ಲ, ಮತ್ತು ಆ ಗೇಮ್‌ನ ಶಕ್ತಿ ಇರುವುದು ಅಲ್ಲಿಯೇ.

ಇದನ್ನೇ ಕೆಟ್ಟದಾಗಿ ಮಾಡಿದ ಉದಾಹರಣೆಯೆಂದು ನಾನು ಹೇಳುವುದು 2012ರ ಸ್ಪೆಕ್ ಆಪ್ಸ್: ದಿ ಲೈನ್. ಮರಳುಗಾಳಿಯಲ್ಲಿ ಹೂತ ದುಬೈಯಲ್ಲಿ ಕ್ಯಾಪ್ಟನ್ ವಾಕರ್ ಶತ್ರುಗಳೆಂದು ತಿಳಿದು ಬಿಳಿ ರಂಜಕವನ್ನು ಸುರಿಸುತ್ತಾನೆ. ಆಮೇಲೆ ಹೊಗೆಯ ನಡುವೆ ನಡೆದಾಗ ಸುಟ್ಟುಹೋದವರು ಆಶ್ರಯ ಪಡೆದಿದ್ದ 47 ಮಂದಿ ನಾಗರಿಕರು ಎಂದು ಗೊತ್ತಾಗುತ್ತದೆ. ಮಗುವನ್ನು ಅಪ್ಪಿಕೊಂಡೇ ಸತ್ತ ತಾಯಿಯೊಬ್ಬಳನ್ನು ಗೇಮ್ ನಮ್ಮ ಕಣ್ಣಿಗೆ ಹಿಡಿಯುತ್ತದೆ. ನಿಮ್ಮ ಅಳತೆಗೋಲಿನ ಪ್ರಕಾರ ಇದು ಅರ್ಧವಾದರೂ ಪ್ರಾಮಾಣಿಕ ಕೃತಿ ಆಗಬೇಕು, ಬಲಿಯಾದವರ ಮುಖ ಅಲ್ಲಿದೆಯಲ್ಲ. ಆದರೆ ರಂಜಕ ಬಳಸದೆ ಮುಂದೆ ಹೋಗುವ ದಾರಿಯನ್ನು ಅವರೇ ಮುಚ್ಚಿ, ಬಳಸಿದ್ದಕ್ಕೆ ಆಮೇಲೆ ನನ್ನನ್ನೇ ಬೈಯುತ್ತಾರೆ. ಮೆಚ್ಚಿದವರು ಇದನ್ನು ದಿಟ್ಟತನ ಎನ್ನುತ್ತಾರೆ. ನನಗೆ ಅದು ಕೈಗೆ ಕೋಲು ಕೊಟ್ಟು ಹೊಡೆಸಿ ಆಮೇಲೆ ಪಂಚಾಯಿತಿ ಸೇರಿಸಿದಂತೆ ಕಂಡಿತು.

ಜಿಟಿಎ 5 (ಗ್ರ್ಯಾಂಡ್ ಥೆಫ್ಟ್ ಆಟೋ 5) ಗೇಮ್‌ನಲ್ಲಿ ನಾಯಕರಲ್ಲೊಬ್ಬನಾದ ಟ್ರೆವರ್ ಚಿತ್ರಹಿಂಸೆ ಕೊಡುವ ದೃಶ್ಯವಂತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿದೆ. ಇಕ್ಕಳವೋ ಸ್ಪ್ಯಾನರೋ ಎಂದು ಆಯ್ಕೆ ಕೊಡುತ್ತಾರೆ, ಹಿಂಸಿಸದಿರುವ ಆಯ್ಕೆ ಕೊಡುವುದಿಲ್ಲ. ಮುಗಿದ ಮೇಲೆ ಆ ಮನುಷ್ಯನನ್ನು ವಿಮಾನ ನಿಲ್ದಾಣಕ್ಕೆ ಬಿಡುವ ದಾರಿಯಲ್ಲಿ ಚಿತ್ರಹಿಂಸೆಯಿಂದ ಏನೂ ಪ್ರಯೋಜನವಿಲ್ಲವೆಂದು ಟ್ರೆವರ್‌ನ ಬಾಯಿಂದಲೇ ಭಾಷಣ ಮಾಡಿಸುತ್ತಾರೆ.

ನಿರ್ವಾಹಕರು

ಕತೆಯ ಕೊನೆಗಳು ಇಲ್ಲಿ ಧಾರಾಳವಾಗಿ ಬಯಲಾಗುತ್ತಿವೆ. ಇನ್ನೂ ಆಡದವರು, ಓದದವರು ಎಚ್ಚರ ವಹಿಸಬೇಕಾಗಿ ವಿನಂತಿ.

ಚರ್ಚ್ ಸ್ಟ್ರೀಟ್ ಹಳೇ ಗಿರಾಕಿ

ಜಾಯ್‌ಸ್ಟಿಕ್ ಅವರೇ, ಬಟನ್ ಒತ್ತುವ ಪಾಪ ಗೇಮ್‌ನಿಂದಲೇ ಶುರುವಾಯಿತು ಎಂದು ತಿಳಿಯಬೇಡಿ. 1988ರಲ್ಲಿ ಡಿಸಿ ಕಾಮಿಕ್ಸ್‌ನವರು ಬ್ಯಾಟ್‌ಮ್ಯಾನ್‌ನ ಸಂಗಾತಿ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಎಂದು ಓದುಗರನ್ನೇ ಕೇಳಿ ಎರಡು ಫೋನ್ ನಂಬರ್ ಅಚ್ಚು ಹಾಕಿದ್ದರು. ಒಂದು ಕರೆಗೆ 50 ಸೆಂಟ್ ಶುಲ್ಕ. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಕೇವಲ 72 ಕರೆಗಳ ಅಂತರದಲ್ಲಿ, ಜೋಕರ್‌ನ ಕಬ್ಬಿಣದ ಸಲಾಕೆಯ ಪೆಟ್ಟು ತಿಂದಿದ್ದ ಹುಡುಗ ಬಾಂಬಿಗೆ ಸತ್ತ. ಜೋಕರ್ ಖಳನಾಯಕ, ಸರಿ. ಕಾಸು ಕೊಟ್ಟು ಕರೆ ಮಾಡಿದವರನ್ನು ಏನೆಂದು ಕರೆಯೋಣ? ನನಗೆ ಇನ್ನೂ ರುಚಿಸುವ ಸಂಗತಿಯೆಂದರೆ, 2005ರಲ್ಲಿ ಇದೇ ಜೇಸನ್ ರೆಡ್ ಹುಡ್ ಎಂಬ ಹೆಸರಿನಲ್ಲಿ ಮರಳಿ ಬಂದು, ಅಪರಾಧಿಗಳನ್ನು ಕೊಲ್ಲಲು ಹೇಸದ ಕಳಂಕಿತ ನಾಯಕನಾಗಿ ಬ್ಯಾಟ್‌ಮ್ಯಾನ್‌ನ ಎದುರು ನಿಂತ. ನನ್ನನ್ನು ಕೊಂದವನನ್ನು ನೀನು ಏಕೆ ಉಳಿಸಿದೆ ಎಂಬುದೇ ಅವನ ದೂರು. ಬಲಿಯಾದವನೇ ಎದ್ದು ಬಂದು ಲೆಕ್ಕ ಕೇಳುವ ಇಂಥ ಕತೆಗಳು ಸೂಪರ್‌ಹೀರೊ ಕಾಮಿಕ್ಸ್‌ನಲ್ಲಿ ಅಪರೂಪ.

ಇತಿಹಾಸದ ಒಂದು ಮಾತು ಇಲ್ಲಿ ಬೇಕು. 1954ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ಟೀಕೆಗೆ ಹೆದರಿ ತಮಗೆ ತಾವೇ ಒಂದು ಸಂಹಿತೆಯನ್ನು ಹಾಕಿಕೊಂಡರು. ಅಪರಾಧಿಯ ಬಗ್ಗೆ ಸಹಾನುಭೂತಿ ಹುಟ್ಟುವಂತೆ ಬರೆಯಬಾರದು, ಒಳ್ಳೆಯದೇ ಗೆಲ್ಲಬೇಕು, ಅಪರಾಧಿಗೆ ಶಿಕ್ಷೆಯಾಗಬೇಕು ಎಂಬುದು ಅದರ ತಿರುಳು. 1971ರಲ್ಲಿ ಆ ಬಿಗಿ ಸಡಿಲವಾಯಿತು. 1974ರಲ್ಲಿ ಸ್ಪೈಡರ್‌ಮ್ಯಾನ್‌ನ 129ನೆಯ ಸಂಚಿಕೆಯಲ್ಲಿ ಪನಿಷರ್ ಕಾಣಿಸಿಕೊಂಡ. ಮಾಫಿಯಾದವರ ಗುಂಡಿಗೆ ಹೆಂಡತಿ ಮಕ್ಕಳನ್ನು ಕಳೆದುಕೊಂಡ ಮಾಜಿ ಸೈನಿಕ ಫ್ರಾಂಕ್ ಕ್ಯಾಸಲ್ ಎದೆಯ ಮೇಲೆ ತಲೆಬುರುಡೆ ಬರೆದುಕೊಂಡು ಕೊಲ್ಲುತ್ತಾ ಹೋಗುತ್ತಾನೆ. ಅವನ ಮಡಿದ ಮನೆಯವರಿಗೆ ಹೆಸರಿದೆ, ಮುಖವಿದೆ. ಅವನು ಕೊಂದವರಿಗೆ ಹೆಚ್ಚಿನ ಸಂಚಿಕೆಗಳಲ್ಲಿ ಎರಡೂ ಇಲ್ಲ. ಓದುಗ ಅವರ ಅಳತೆಗೋಲು ಇಲ್ಲಿ ನೇರವಾಗಿ ನಾಟುತ್ತದೆ.

ಅದರ ಫಲವೂ ಕಣ್ಣ ಮುಂದಿದೆ. ಆ ತಲೆಬುರುಡೆ ಅಮೆರಿಕದ ಸೈನಿಕರ ತೋಳಿಗೂ ಪೊಲೀಸ್ ವಾಹನಗಳಿಗೂ ಏರಿತು. ಕಾನೂನನ್ನು ಕೈಗೆತ್ತಿಕೊಂಡವನ ಗುರುತನ್ನು ಕಾನೂನು ಕಾಯುವವರು ಅಂಟಿಸಿಕೊಳ್ಳುವುದು ಅವನನ್ನು ಸೃಷ್ಟಿಸಿದವರಲ್ಲಿ ಒಬ್ಬರಾದ ಗೆರಿ ಕಾನ್ವೇ ಅವರಿಗೇ ಹಿಡಿಸಲಿಲ್ಲ, ಬಹಿರಂಗವಾಗಿ ಆಕ್ಷೇಪಿಸಿದರು. 2019ರ ಸಂಚಿಕೆಯೊಂದರಲ್ಲಿ, ತನ್ನ ಅಭಿಮಾನಿಗಳಾದ ಇಬ್ಬರು ಪೊಲೀಸರ ಕಾರಿನ ಮೇಲಿದ್ದ ತಲೆಬುರುಡೆಯ ಸ್ಟಿಕರನ್ನು ಪನಿಷರ್ ಸ್ವತಃ ಹರಿದುಹಾಕಿ, ನಿಮಗೆ ಮಾದರಿ ಬೇಕಿದ್ದರೆ ಕ್ಯಾಪ್ಟನ್ ಅಮೆರಿಕಾನನ್ನು ನೋಡಿ ಎಂದು ಹೇಳುತ್ತಾನೆ. ಬುದ್ಧಿವಾದವೇನೋ ಸರಿ. ಆದರೆ 45 ವರ್ಷ ಅವನ ಬಂದೂಕನ್ನು ಚೆಂದಗಾಣಿಸಿ ಬರೆದು, ಆಮೇಲೆ ಒಂದು ಪುಟದ ಉಪದೇಶದಿಂದ ಕೈ ತೊಳೆದುಕೊಂಡರೆ ಆಯಿತೇ?

1986ರಲ್ಲಿ ಶುರುವಾದ ವಾಚ್‌ಮೆನ್‌ನ ರೋರ್‌ಷಾಕ್‌ನ ಗತಿಯೂ ಇದೇ. ಮೈ ತೊಳೆಯದ, ಹೆಂಗಸರನ್ನು ಕಂಡರೆ ಹೇಸುವ, ಬೆರಳು ಮುರಿದು ಮಾಹಿತಿ ಹೊರಡಿಸುವ ಈ ಮನುಷ್ಯನನ್ನು ಓದುಗರಿಗೆ ಎಚ್ಚರಿಕೆಯ ಉದಾಹರಣೆಯಾಗಿ ಬರೆದವರು ಅಲನ್ ಮೂರ್. ತಾವೂ ಅವನಂತೆಯೇ ಎಂದು ಹೆಮ್ಮೆಯಿಂದ ಹೇಳಿಕೊಂಡು ಬಂದ ಅಭಿಮಾನಿಗಳನ್ನು ಕಂಡು ಅವರೇ ಇರುಸುಮುರುಸುಗೊಂಡರು. ಹಾಗೆಂದು ಓದುಗರನ್ನು ಪೂರ್ತಿ ದೂರಲಾರೆ. ನ್ಯೂಯಾರ್ಕಿನ ಲಕ್ಷಾಂತರ ಜನರ ಸಾವನ್ನು ಮುಚ್ಚಿಡಲು ಕತೆಯ ಉಳಿದ ನಾಯಕರೆಲ್ಲ ಒಪ್ಪಿಕೊಳ್ಳುವಾಗ ಒಪ್ಪದೆ ಹಿಮದಲ್ಲಿ ಹೊರನಡೆದು ಸಾಯುವವನು ಅವನೊಬ್ಬನೇ. ಸತ್ತವರ ಪರವಾಗಿ ನಿಂತವನು ಆ ಪುಸ್ತಕದ ಅತಿ ಅಸಹ್ಯ ಮನುಷ್ಯ. ಅದನ್ನು ಜೀರ್ಣಿಸಿಕೊಳ್ಳುವುದು ಯಾರಿಗೂ ಸುಲಭವಲ್ಲ.

ಮೆಜೆಸ್ಟಿಕ್ ಪ್ಲಾಟ್‌ಫಾರಂ

ಅಮೆರಿಕದವರೆಗೆ ಹೋಗುವ ಮೊದಲು ನಮ್ಮ ದೇಶದ ಡೋಗಾನನ್ನು ಮರೆಯಬಾರದು. ರಾಜ್ ಕಾಮಿಕ್ಸ್‌ನ ಹಿಂದಿ ಪುಸ್ತಕಗಳನ್ನು ರೈಲು ಪ್ರಯಾಣಕ್ಕೆಂದು ಕೊಂಡು ಓದಿದವರು ಈ ಊರಿನಲ್ಲೂ ಇದ್ದಾರೆ. ಚಂಬಲ್‌ನಲ್ಲಿ ಕಸದ ರಾಶಿಯ ಮೇಲೆ ಸಿಕ್ಕ ಕೂಸನ್ನು ಡಕಾಯಿತನೊಬ್ಬ ಸಾಕುತ್ತಾನೆ, ಆ ಕೂಸು ಬೆಳೆದು ನಾಯಿಯ ಮುಖವಾಡ ತೊಟ್ಟು ಮುಂಬೈಯಲ್ಲಿ ಬಂದೂಕು ಹಿಡಿಯುತ್ತದೆ. ಸಮಸ್ಯೆಯನ್ನು ಬಗೆಹರಿಸುವವನಲ್ಲ, ಬುಡಸಮೇತ ಕಿತ್ತೆಸೆಯುವವನು ಎಂಬುದೇ ಅವನ ಖ್ಯಾತಿ. ಪನಿಷರ್‌ನ ನೆರಳು ಅವನಲ್ಲಿದೆ, ನಿಜ. ಆದರೆ ಡೋಗಾನ ಕತೆಗಳಲ್ಲಿ ಕಸದ ರಾಶಿ, ಕೊಳೆಗೇರಿ, ಬೀದಿನಾಯಿಗಳಿಗೆಲ್ಲ ಜಾಗವಿತ್ತು. ನಾಯಕ ಎಂಥ ಲೋಕದಿಂದ ಬಂದನೋ ಆ ಲೋಕ ಅವನ ಹಿಂದೆಯೇ ನಿಂತಿರುತ್ತಿತ್ತು. ಕೊಲೆಯಾದ ಗೂಂಡಾಗಳಿಗೆ ಮಾತ್ರ ಅಲ್ಲಿಯೂ ಹೆಸರಿರುತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ.

ನಿವೃತ್ತ ಮೇಷ್ಟ್ರು, ತ್ಯಾಗರಾಜನಗರ

ಮೊಮ್ಮಗನ ಕಂಪ್ಯೂಟರಿನಲ್ಲಿ ಈ ಚರ್ಚೆಯನ್ನು ಓದುತ್ತಿದ್ದೇನೆ. ಗೇಮ್‌ಗಳ ವಿಚಾರದಲ್ಲಿ ನನಗೆ ಅಧಿಕಾರವಿಲ್ಲ. ಆದರೆ ಎತ್ತಿರುವ ಪ್ರಶ್ನೆ ಕನ್ನಡಕ್ಕೆ ಹೊಸದೇನಲ್ಲ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರನ್ನನು ಗದಾಯುದ್ಧವನ್ನು ಬರೆದಾಗ, ಕಾವ್ಯದ ನಾಯಕ ಭೀಮನೆಂದು ಹೇಳಿಯೂ ಓದುಗನ ಮನಸ್ಸನ್ನು ದುರ್ಯೋಧನನ ಕಡೆಗೆ ತಿರುಗಿಸಿಬಿಟ್ಟ. ಅವನು ಅದನ್ನು ಸಾಧಿಸಿದ ಬಗೆಯನ್ನು ಗಮನಿಸಬೇಕು. ದುರ್ಯೋಧನನ ತಪ್ಪುಗಳನ್ನು ರನ್ನ ಮುಚ್ಚಿಡುವುದಿಲ್ಲ, ಅವನಿಗೆ ಕಷ್ಟದ ಬಾಲ್ಯವನ್ನೂ ಹಚ್ಚುವುದಿಲ್ಲ. ಯುದ್ಧ ಮುಗಿಯುತ್ತಾ ಬಂದಾಗ, ಭೀಷ್ಮರನ್ನು ಕಾಣಲು ಹೊರಟವನನ್ನು ಸಂಜಯನೊಂದಿಗೆ ರಣರಂಗದ ನಡುವೆ ನಡೆಸುತ್ತಾನೆ. ಹೆಣಗಳ ಮೇಲೆ ಕಾಲಿಡದೆ ದಾರಿಯಿಲ್ಲದ ಆ ನಡಿಗೆಯಲ್ಲಿ ದ್ರೋಣ ಸಿಗುತ್ತಾನೆ, ದುಶ್ಶಾಸನ ಸಿಗುತ್ತಾನೆ, ಕರ್ಣ ಸಿಗುತ್ತಾನೆ, ಸ್ವಂತ ಮಗ ಲಕ್ಷಣಕುಮಾರ ಸಿಗುತ್ತಾನೆ. ಒಬ್ಬೊಬ್ಬರ ಬಳಿಯೂ ನಿಂತು ಅವನು ಮಾತಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅಭಿಮನ್ಯು ಸಿಗುತ್ತಾನೆ. ತನ್ನ ಕಡೆಯವರೇ ಸುತ್ತುವರಿದು ಅಧರ್ಮದಿಂದ ಕೊಂದ ಶತ್ರುಪಕ್ಷದ ಹುಡುಗನ ಮುಂದೆ ಕೈಮುಗಿದು, ನಿನ್ನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ ಎಂದು ದುರ್ಯೋಧನ ಬೇಡುತ್ತಾನೆ.

ಬಸವನಗುಡಿಯವರು ಕೇಳಿದ ಅಳತೆಗೋಲಿಗೆ ಇದಕ್ಕಿಂತ ನಿಖರವಾಗಿ ಹೊಂದುವ ದೃಶ್ಯ ನನಗೆ ತಿಳಿದಿಲ್ಲ. ಬೆಲೆ ತೆತ್ತವರ ನಡುವೆ, ಹೆಸರು ಹಿಡಿದು, ನಾಯಕನನ್ನು ನಡೆಸುವುದು. ನಮಗೆ ಅವನ ಮೇಲೆ ಗೌರವ ಹುಟ್ಟುವುದು ಅವನು ನಿರಪರಾಧಿ ಎಂದಲ್ಲ, ಆ ಹಾದಿಯಲ್ಲಿ ಅವನು ಕಣ್ಣು ಮುಚ್ಚಲಿಲ್ಲವೆಂದು.

ಪಂಪರಾಮಾಯಣವನ್ನು ಬರೆದ ನಾಗಚಂದ್ರನ ರಾವಣನನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. ಮೂರ್ಛೆ ಹೋದ ಸೀತೆಯನ್ನು ಕಂಡು ಅವನ ಮನಸ್ಸು ತಿರುಗುತ್ತದೆ. ಆದರೂ ಗೆದ್ದ ಮೇಲೆಯೇ ಅವಳನ್ನು ಒಪ್ಪಿಸುತ್ತೇನೆಂಬ ಅಭಿಮಾನ ಬಿಡದೆ ಯುದ್ಧಕ್ಕೆ ಹೋಗಿ ಸಾಯುತ್ತಾನೆ. ಪಶ್ಚಾತ್ತಾಪವಿದೆ, ಅದರಿಂದ ಸೀತೆಗೆ ಒಂದು ದಿನದ ಬಿಡುಗಡೆಯೂ ಬೇಗ ಸಿಗಲಿಲ್ಲ. ಈಡಿತ್ ಎಂಬ ಹೆಣ್ಣುಮಗಳ ವಿಷಯವನ್ನು ಓದಿದಾಗ ನನಗೆ ನೆನಪಾದದ್ದು ಇದೇ.

ವಿಜಯನಗರ ಜಾಯ್‌ಸ್ಟಿಕ್

ಮೇಷ್ಟ್ರೇ, ನೀವು ಹೇಳಿದ ಆ ರಣರಂಗದ ನಡಿಗೆಯನ್ನು ಯಾರಾದರೂ ಗೇಮ್ ಮಾಡಿದರೆ ಮೊದಲ ದಿನವೇ ಕೊಳ್ಳುತ್ತೇನೆ. ಓಡುವ ಬಟನ್ ಕೆಲಸ ಮಾಡಬಾರದು, ಅಷ್ಟೇ.

ಮಾರತ್ತಹಳ್ಳಿ ಮಾಡೆಲರ್

ಗೇಮ್‌ಗಳಿಗೆ ಪಾತ್ರಗಳ ಮೂರು ಆಯಾಮದ ಮಾದರಿಗಳನ್ನು ತಯಾರಿಸುವುದು ನನ್ನ ಕಸುಬು. 1997ರಲ್ಲಿ ಧ್ರುವ ಇಂಟರಾಕ್ಟಿವ್ ಆರಂಭವಾದಂದಿನಿಂದ ಬೆಂಗಳೂರು ಇಂಥ ಕೆಲಸಕ್ಕೆ ಹೆಸರಾಗಿದೆ. ಆ ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿಯವರು ಕೊಂಡು ತಮ್ಮ ಇಲ್ಲಿನ ಸ್ಟುಡಿಯೊದ ಜೊತೆ ಸೇರಿಸಿಕೊಂಡರು. ರೆಡ್ ಡೆಡ್ 2ರ ತಯಾರಿಕೆಯಲ್ಲೂ ರಾಕ್‌ಸ್ಟಾರ್‌ನ ಬೆಂಗಳೂರು ಕಚೇರಿಯ ಪಾಲಿತ್ತು. ನಾನು ಅಲ್ಲಿಯವನಲ್ಲ, ಬೇರೆ ಕಡೆ ದುಡಿಯುವವನು. ಆದರೂ ನಾಯಕನ ಕೈಯಲ್ಲಿ ಸಾಯುವವರು ಹೇಗೆ ತಯಾರಾಗುತ್ತಾರೆ ಎಂಬುದನ್ನು ಹೇಳಬಲ್ಲೆ.

ನಾಯಕನ ಮುಖದ ಚರ್ಮದ ರಂಧ್ರಗಳಿಗೆ, ಗಡ್ಡದ ಕೂದಲಿಗೆ ವಾರಗಟ್ಟಲೆ ಸಮಯ ಸಿಗುತ್ತದೆ. ಸಾಯುವವರಿಗೆ ನಾಲ್ಕಾರು ತಲೆ, ನಾಲ್ಕಾರು ಮೈ, ಕೆಲವು ಅಂಗಿಗಳು; ಅವನ್ನೇ ಅದಲುಬದಲು ಮಾಡಿ ನೂರು ಮಂದಿಯನ್ನು ಮಾಡುತ್ತೇವೆ. ಒಂದೇ ಮುಖ ಅಕ್ಕಪಕ್ಕ ಬಾರದಂತೆ ನೋಡಿಕೊಂಡರೆ ಕೆಲಸ ಮುಗಿಯಿತು. ದೂರದಲ್ಲಿರುವವನ ಮುಖದಲ್ಲಿ ಕಣ್ಣಿನ ರೆಪ್ಪೆಯೂ ಇರುವುದಿಲ್ಲ, ಏಕೆಂದರೆ ಯಂತ್ರಕ್ಕೆ ಅಷ್ಟು ಭಾರ ಹೊರಿಸಲಾಗದು. ಹೆಸರಿಲ್ಲದ ಶತ್ರು ಮೊದಲಿಗೆ ಒಂದು ಖರ್ಚಿನ ಲೆಕ್ಕ. ಅವನು ನೀತಿಯ ಪ್ರಶ್ನೆಯಾಗುವುದು ಆಮೇಲೆ.

ಆದ್ದರಿಂದಲೇ 2020ರ ದಿ ಲಾಸ್ಟ್ ಆಫ್ ಅಸ್ ಎರಡನೆಯ ಭಾಗ ನನ್ನಂಥವರಿಗೆ ಬೆರಗು ಹುಟ್ಟಿಸಿತು. ಅಲ್ಲಿ ಒಬ್ಬ ಕಾವಲುಗಾರನನ್ನು ಕೊಂದರೆ ಜೊತೆಯವನು ಅವನ ಹೆಸರು ಹಿಡಿದು ಕೂಗುತ್ತಾನೆ. ನಾಯಿಯನ್ನು ಕೊಂದರೆ ಅದನ್ನು ಸಾಕಿದವರು ಅದರ ಹೆಸರನ್ನೂ ಕೂಗುತ್ತಾರೆ. ಖರ್ಚಿನ ದೃಷ್ಟಿಯಿಂದ ಇದು ಬುದ್ಧಿವಂತ ಉಪಾಯ: ಮುಖ ಕೊಡುವುದು ದುಬಾರಿ, ಹೆಸರು ಕೊಡಲು ಒಂದು ಧ್ವನಿಮುದ್ರಣ ಸಾಕು. ಇನ್ನು ಜಾಯ್‌ಸ್ಟಿಕ್ ಅವರು ಹೇಳಿದ ಶಸ್ತ್ರಚಿಕಿತ್ಸಕ, 2013ರಲ್ಲಿ ಬರೀ ಅಡ್ಡ ನಿಂತ ಒಂದು ಮಾದರಿ, ಏಳು ವರ್ಷಗಳ ನಂತರ ಜೆರಿ ಎಂಬ ಹೆಸರನ್ನೂ ಆ್ಯಬಿ ಎಂಬ ಮಗಳನ್ನೂ ಪಡೆದ. ಆ ಮಗಳು ಬಂದು ಜೋಯಲ್‌ನನ್ನು ಕೊಲ್ಲುತ್ತಾಳೆ, ಆಮೇಲೆ ಗೇಮ್‌ನ ಅರ್ಧ ಭಾಗವನ್ನು ನಾವು ಅವಳಾಗಿ ಆಡಬೇಕು. ಎಷ್ಟೋ ಆಟಗಾರರು ಇದನ್ನು ಸಹಿಸಲಿಲ್ಲ. ಆ್ಯಬಿಗೆ ದನಿ ಕೊಟ್ಟ ನಟಿಗೆ ಕೊಲೆ ಬೆದರಿಕೆಗಳು ಬಂದವು. ಬೆಲೆ ತೆತ್ತವರಿಗೆ ಹೆಸರು ಕೊಡಿ ಎಂದು ನಾವು ಇಲ್ಲಿ ಕೇಳುತ್ತಿದ್ದೇವೆ. ಕೊಟ್ಟಾಗ ಜನ ಮಾಡಿದ್ದು ಇದು.

ಜಯನಗರ ತಾಯಿ

ನಾನು ಗೇಮ್ ಆಡುವವಳಲ್ಲ, ಮಗನ ಕಾರಣದಿಂದ ಈ ಚರ್ಚೆಗೆ ಬಂದವಳು. ಎಸ್ಸೆಸ್ಸೆಲ್ಸಿ ಓದುತ್ತಿರುವ ಹುಡುಗ ತನ್ನ ಕೋಣೆಯ ಗೋಡೆಗೆ ಕ್ರೇಟೋಸ್ ಎಂಬವನ ದೊಡ್ಡ ಚಿತ್ರವನ್ನು ಅಂಟಿಸಿದ್ದಾನೆ. ಯಾರಪ್ಪಾ ಇವನು ಎಂದು ಕೇಳಿದರೆ, ಹೆಂಡತಿಯನ್ನೂ ಮಗಳನ್ನೂ ಕೊಂದವನು, ಆದರೆ ಅಮ್ಮ, ಅವನು ಈಗ ಒಳ್ಳೆಯ ಅಪ್ಪ ಎಂದ. ಈ ಎರಡು ಮಾತು ಒಂದೇ ಉಸಿರಿನಲ್ಲಿ ಹೇಗೆ ಬಂದವು ಎಂದು ನನಗೆ ಅರ್ಥವಾಗುತ್ತಿಲ್ಲ. ಗೋಡೆಯಿಂದ ಕೀಳಿಸಬೇಕೋ ಬೇಡವೋ ಎಂಬ ಸಲಹೆ ಬೇಡ. ಆ ಮಾತಿಗೆ ಅರ್ಥವಿದೆಯೇ ಎಂದು ತಿಳಿದವರು ಹೇಳಿ.

ವಿಜಯನಗರ ಜಾಯ್‌ಸ್ಟಿಕ್

ಅಮ್ಮಾ, ಅರ್ಥವಿದೆ. ಗಾಡ್ ಆಫ್ ವಾರ್ 17 ವರ್ಷ ತುಂಬಿದವರಿಗೆಂದು ಗುರುತು ಹಾಕಿದ ಗೇಮ್ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

2005ರ ಮೊದಲ ಗೇಮ್‌ನಲ್ಲಿ ಕ್ರೇಟೋಸ್ ಗ್ರೀಕ್ ಪುರಾಣಲೋಕದ ಸ್ಪಾರ್ಟಾದ ಯೋಧ. ಯುದ್ಧದೇವತೆ ಏರಿಸ್ ಮಾಡಿದ ಮೋಸದಿಂದ ಅವನು ಅರಿಯದೆ ತನ್ನ ಹೆಂಡತಿ ಮಗಳನ್ನೇ ಕೊಲ್ಲುತ್ತಾನೆ. ಅವರ ಬೂದಿ ಅವನ ಮೈಗೆ ಅಂಟಿಕೊಳ್ಳುತ್ತದೆ, ಅವನು ಬೆಳ್ಳಗೆ ಕಾಣುವುದು ಅದರಿಂದಲೇ. ಇಷ್ಟರಿಂದ ಅವನು ಪಾಠ ಕಲಿತನೇ ಎಂದರೆ, ಇಲ್ಲ. ಅದೇ ಗೇಮ್‌ನಲ್ಲಿ ಪಂಜರದಲ್ಲಿ ಸೆರೆಸಿಕ್ಕ ಒಬ್ಬ ಸೈನಿಕ ಬಿಡಿಸು ಎಂದು ಬೇಡುತ್ತಾನೆ. ಬಾಗಿಲು ತೆರೆಯಲು ನರಬಲಿ ಬೇಕು. ಆಟಗಾರ ಆ ಪಂಜರವನ್ನು ಇಳಿಜಾರಿನ ಮೇಲೆ ತಳ್ಳಿಕೊಂಡು ಹೋಗಿ, ದಾರಿಯುದ್ದಕ್ಕೂ ಅವನ ಗೋಳು ಕೇಳುತ್ತಾ, ಬೆಂಕಿಗೆ ಕೊಡಬೇಕು. 2010ರ ಮೂರನೆಯ ಗೇಮ್‌ನಲ್ಲಿ ಇದಕ್ಕಿಂತ ಹೀನವಾಗಿ ಒಬ್ಬ ಸೆರೆಯಾಳು ಹೆಣ್ಣನ್ನು ಬಾಗಿಲಿಗೆ ಊರುಗೋಲಿನಂತೆ ಬಳಸಿ ಸಾಯಿಸುತ್ತಾನೆ, ಹೀಲಿಯೋಸ್ ಎಂಬ ದೇವತೆಯ ತಲೆಯನ್ನು ಕಿತ್ತು ಲಾಂದ್ರದಂತೆ ಹಿಡಿದು ತಿರುಗುತ್ತಾನೆ.

ನಿಮ್ಮ ಮಗ ಹೇಳುತ್ತಿರುವುದು 2018ರ ಗೇಮ್. ಅಲ್ಲಿ ಕ್ರೇಟೋಸ್ ಬೇರೆ ನಾಡಿಗೆ ಬಂದು ಮತ್ತೆ ಮದುವೆಯಾಗಿ ಮಗನನ್ನು ಸಾಕುತ್ತಿದ್ದಾನೆ. ಹಳೆಯ ಕತ್ತಿಗಳನ್ನು ಮನೆಯ ನೆಲದಡಿ ಹೂತಿಟ್ಟಿದ್ದಾನೆ. ಮಗ ರೋಗಕ್ಕೆ ಬಿದ್ದಾಗ ಅವನ್ನು ಮತ್ತೆ ಹೊರತೆಗೆಯಬೇಕಾಗುತ್ತದೆ, ತಾನು ಯಾರೆಂಬುದನ್ನು ಮಗನಿಗೆ ಹೇಳಲೇಬೇಕಾಗುತ್ತದೆ. ಹುಡುಗ ಕ್ಷಮೆ ಕೇಳಿದಾಗ, ಕ್ಷಮೆ ಬೇಡ, ಮುಂದೆ ಸರಿಯಾಗಿ ಮಾಡು ಎಂಬ ಧಾಟಿಯಲ್ಲಿ ಗದರುವ ಅಪ್ಪ ಅವನು. ನಿಮ್ಮ ಮಗನಿಗೆ ಹಿಡಿಸಿರುವುದು ಈ ಮನುಷ್ಯ.

ಈಗ ಓದುಗ ಅವರ ಅಳತೆಗೋಲಿಗೆ ಬರುತ್ತೇನೆ. 2023ರ ಕೊನೆಯಲ್ಲಿ ಉಚಿತವಾಗಿ ಬಂದ ವಲ್‌ಹಲ್ಲಾ ಎಂಬ ಹೆಚ್ಚುವರಿ ಅಧ್ಯಾಯದಲ್ಲಿ ಹೀಲಿಯೋಸ್ ಮತ್ತೆ ಬಂದು ಕ್ರೇಟೋಸ್‌ನನ್ನು ಚುಚ್ಚಿ ಚುಚ್ಚಿ ಪ್ರಶ್ನಿಸುತ್ತಾನೆ. ಅವನು ದೇವತೆ, ಅವನಿಗೆ ಹೆಸರಿತ್ತು. ಪಂಜರದ ಸೈನಿಕನಿಗೆ ಹೆಸರಿರಲಿಲ್ಲ. ಕ್ಷಮಾಪಣೆಗಳೂ ಅಂತಸ್ತು ನೋಡಿ ಹಂಚಿಕೆಯಾಗುತ್ತವೆ ಎಂದು ನನಗೆ ಅನಿಸಿತು.

ಬಸವನಗುಡಿ ಓದುಗ

ಪಂಜರದ ಸೈನಿಕನ ಮಾತು ಚೆನ್ನಾಗಿ ನಾಟಿತು. ಆದರೆ ಹೆಸರು ಸಿಕ್ಕಿದ ಮಾತ್ರಕ್ಕೆ ನ್ಯಾಯ ಸಿಕ್ಕಿತು ಎಂದೂ ತಿಳಿಯಬಾರದು. 2015ರ ವಿಚರ್ 3ರಲ್ಲಿ ಬರುವ ಬ್ಯಾರನ್‌ನ ಪ್ರಸಂಗವನ್ನು ನೋಡಿ. ಕುಡುಕ, ಹೆಂಡತಿ ಆ್ಯನಾಳನ್ನು ಹೊಡೆಯುವವನು, ಅವಳಿಗೆ ಗರ್ಭಪಾತವಾಗಿ ಹೋದ ಕೂಸು ಪಿಶಾಚಿಯಾಗಿ ಅಲೆಯುತ್ತಿದೆ. ಆಟಗಾರ ಬಯಸಿದರೆ, ಬ್ಯಾರನ್ ಆ ಕೂಸಿಗೆ ಹೆಸರಿಟ್ಟು ಮನೆಯ ಹೊಸ್ತಿಲ ಕೆಳಗೆ ಹೂಳುತ್ತಾನೆ. ಬಲಿಯಾದ ಜೀವಕ್ಕೆ ತಪ್ಪಿತಸ್ಥನ ಬಾಯಿಂದಲೇ ಹೆಸರು. ಗೇಮ್‌ಗಳಲ್ಲಿ ನಾನು ಕಂಡ ಅತ್ಯುತ್ತಮ ಬರವಣಿಗೆಗಳಲ್ಲಿ ಅದೂ ಒಂದು.

ಅದು ಮುಗಿದ ಮೇಲೆ ನನ್ನ ಗೆಳೆಯರೆಲ್ಲ ಬ್ಯಾರನ್‌ಗಾಗಿ ಮರುಗಿದರು. ಏಕೆಂದರೆ ಅವನಿಗೆ ಮೇಜಿನ ಮುಂದೆ ಕುಳಿತು ತನ್ನ ಕತೆ ಹೇಳುವಷ್ಟು ಹೊತ್ತು ಸಿಗುತ್ತದೆ, ಯುದ್ಧ ಹೇಗೆ ಕೆಡಿಸಿತು, ಹೆಂಡತಿ ಹೇಗೆ ಬೇರೊಬ್ಬನನ್ನು ಮೆಚ್ಚಿದಳು ಎಂದೆಲ್ಲ. ಆ್ಯನಾ ನಮಗೆ ಸಿಗುವ ಹೊತ್ತಿಗೆ ಅವಳ ಬುದ್ಧಿಯೇ ಕದಡಿಹೋಗಿರುತ್ತದೆ. ಅವಳಿಗೆ ಹೆಸರಿದೆ, ಮನೆಯಿದೆ, ಮಾತಿಲ್ಲ. ನನ್ನ ಅಳತೆಗೋಲಿಗೆ ಇನ್ನೊಂದು ಗೆರೆ ಹಾಕಬೇಕು: ಬೆಲೆ ತೆತ್ತವರಿಗೆ ನಾಯಕನಷ್ಟೇ ಹೊತ್ತು ಮಾತಾಡಲು ಬಿಟ್ಟಿದ್ದಾರೆಯೇ?

ಆಯ್ಕೆ ಕೊಟ್ಟರೆ ಸಾಕೆಂಬ ಜಾಯ್‌ಸ್ಟಿಕ್ ಅವರ ವಾದಕ್ಕೂ ಒಂದು ಮಾತು. ಮಾಸ್ ಎಫೆಕ್ಟ್ ಗೇಮ್‌ಗಳಲ್ಲಿ ಸಜ್ಜನನಾಗಿಯೂ ಒರಟನಾಗಿಯೂ ಆಡಬಹುದಿತ್ತು. ಆಟಗಾರರಲ್ಲಿ ನೂರಕ್ಕೆ 92ರಷ್ಟು ಮಂದಿ ಸಜ್ಜನರಾಗಿಯೇ ಆಡಿದರೆಂದು ಅದನ್ನು ತಯಾರಿಸಿದವರಲ್ಲಿ ಒಬ್ಬರು 2020ರಲ್ಲಿ ಹೇಳಿದರು. ದಾರಿ ಬಿಟ್ಟರೆ ನಾವು ಒಳ್ಳೆಯವರಾಗಿ ಕಾಣಲು ಬಯಸುತ್ತೇವೆ. ಹಾಗಾಗಿ ಕಳಂಕಿತ ನಾಯಕನ ಕತೆ ಹೇಳಬೇಕಾದರೆ ಎಲ್ಲೋ ಒಂದು ಕಡೆ ಆಟಗಾರನ ಕೈ ಕಟ್ಟಲೇಬೇಕು. ಡೌನ್ಸ್‌ನನ್ನು ಹೊಡೆಯದಿರುವ ಆಯ್ಕೆ ಇದ್ದಿದ್ದರೆ ನಾವೆಲ್ಲ ಹೊಡೆಯುತ್ತಿರಲಿಲ್ಲ, ಈಡಿತ್‌ಳ ಕತೆಯೂ ಇರುತ್ತಿರಲಿಲ್ಲ.

ಮಾಜಿ ಗುಮಾಸ್ತ, ರಾಜಾಜಿನಗರ

ಎಲ್ಲರೂ ಕತ್ತಿ, ಬಂದೂಕು ಹಿಡಿದವರ ಬಗ್ಗೆಯೇ ಹೇಳುತ್ತಿದ್ದೀರಿ. ಸರ್ಕಾರಿ ಕಚೇರಿಯ ಕೌಂಟರಿನ ಹಿಂದೆ ಮೂವತ್ತು ಚಿಲ್ಲರೆ ವರ್ಷ ಕುಳಿತವನಿಗೆ ಹತ್ತಿರವಾದ ಕಳಂಕಿತ ನಾಯಕನೊಬ್ಬನಿದ್ದಾನೆ. 2013ರಲ್ಲಿ ಲೂಕಸ್ ಪೋಪ್ ಎಂಬುವರು ತಯಾರಿಸಿದ ಪೇಪರ್ಸ್, ಪ್ಲೀಸ್ ಎಂಬ ಗೇಮ್‌ನಲ್ಲಿ ಅವನು ಗಡಿಯ ತಪಾಸಣಾ ಅಧಿಕಾರಿ. ಅವನಿಗೆ ಹೆಸರೂ ಇಲ್ಲ. ಮೊಹರು ಒತ್ತುವುದೇ ಅವನ ಕೆಲಸ. ಎಷ್ಟು ಮಂದಿಯ ಕಾಗದ ಸರಿಯಾಗಿ ನೋಡಿದನೋ ಅಷ್ಟು ಸಂಬಳ. ಸಂಜೆ ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು, ಮಗನ ಔಷಧಿ ಎಲ್ಲವನ್ನೂ ಅದರಲ್ಲೇ ತೂಗಿಸಬೇಕು. ದಿನಕ್ಕೆ ಎರಡು ತಪ್ಪಿನವರೆಗೆ ಬರೀ ಎಚ್ಚರಿಕೆಯ ಚೀಟಿ ಬರುತ್ತದೆ, ಮೂರನೆಯದರಿಂದ ಸಂಬಳ ಕಡಿತ.

ಒಂದು ದಿನ ಒಬ್ಬ ಗಂಡಸು ಬರುತ್ತಾನೆ. ಅವನ ಕಾಗದಗಳೆಲ್ಲ ಸರಿಯಿವೆ. ಹೋಗುವಾಗ, ನನ್ನ ಹಿಂದೆಯೇ ಹೆಂಡತಿ ಬರುತ್ತಾಳೆ, ದಯವಿಟ್ಟು ನೋಡಿಕೊಳ್ಳಿ ಎನ್ನುತ್ತಾನೆ. ಅವಳ ಬಳಿ ಪ್ರವೇಶದ ಪರವಾನಗಿಯಿಲ್ಲ. ಹಿಂದಕ್ಕೆ ಹೋದರೆ ಜೀವಕ್ಕೆ ಅಪಾಯ ಎನ್ನುತ್ತಾಳೆ. ಓದುಗ ಅವರು ಕೇಳಿದ್ದೆಲ್ಲ ಈ ಒಂದು ಕಿಟಕಿಯಲ್ಲಿ ಇದೆ: ಬೆಲೆ ತೆರುವವಳ ಮುಖ ಎದುರಿಗಿದೆ, ಅವಳು ತನ್ನ ಮಾತನ್ನು ತಾನೇ ಆಡುತ್ತಾಳೆ. ಜಾಯ್‌ಸ್ಟಿಕ್ ಅವರು ಕೇಳಿದ ಆಯ್ಕೆಯೂ ಇದೆ, ಎರಡು ಮೊಹರುಗಳೂ ಕೈಗೆ ಸಿಗುವಂತಿವೆ. ಕರುಣೆಗೂ ಅಲ್ಲಿ ದಿನದ ಮಿತಿ ಇದೆ. ಚೀಟಿ ಉಳಿದಿದ್ದರೆ ದಯೆ ಪುಕ್ಕಟೆ. ಮುಗಿದಿದ್ದರೆ ಅದು ಮಗನ ಔಷಧಿಯಿಂದ ಕಡಿತವಾಗುತ್ತದೆ. ಯಾವ ನಿಯಮವನ್ನೂ ಮುರಿಯದೆ, ಯಾರನ್ನೂ ಹೊಡೆಯದೆ, ಕಾಗದ ಸರಿಯಿಲ್ಲ ಎಂಬ ಒಂದು ಮಾತಿನಿಂದ ಆ ಅಧಿಕಾರಿ ಮಾಡಬಹುದಾದಷ್ಟು ಕೇಡನ್ನು ಪನಿಷರ್ ಕೂಡ ಮಾಡಲಾರ.

ಚರ್ಚ್ ಸ್ಟ್ರೀಟ್ ಹಳೇ ಗಿರಾಕಿ

ಗುಮಾಸ್ತರೇ, ನೀವು ಯಾವ ಮೊಹರು ಒತ್ತಿದಿರಿ?

ಮಾಜಿ ಗುಮಾಸ್ತ, ರಾಜಾಜಿನಗರ

ಹಿಂದಕ್ಕೆ ಕಳುಹಿಸಿದೆ. ಆ ದಿನದ ಎರಡೂ ಚೀಟಿಗಳು ಬೇರೆಯವರ ಕಾಗದದಲ್ಲಿ ಖರ್ಚಾಗಿದ್ದವು. ಮತ್ತೊಮ್ಮೆ ಮೊದಲಿನಿಂದ ಆಡಿದಾಗ ಒಂದು ಚೀಟಿಯನ್ನು ಅವಳಿಗೆಂದೇ ಎತ್ತಿಟ್ಟು ಒಳಗೆ ಬಿಟ್ಟೆ. ಆದರೆ ಅದಕ್ಕಾಗಿ ಬೆಳಗಿನಿಂದ ಪ್ರತಿಯೊಬ್ಬರ ಕಾಗದವನ್ನೂ ಎರಡೆರಡು ಬಾರಿ ತಿರುವಿ ನೋಡಿ, ಅಕ್ಷರ ಒಂದು ತಪ್ಪಿದ್ದವರನ್ನೂ ಬಿಡದೆ ವಾಪಸು ಕಳುಹಿಸಿದ್ದೆ. ಅವರಲ್ಲಿ ಯಾರಿಗೆ ಯಾರು ಒಳಗೆ ಕಾಯುತ್ತಿದ್ದರೋ, ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.